ಅಪ್ಪಿಯಕ್ಕನ ಬಾವಿ

ಕಡಿಯಾಳಿಯ ಪೆಟ್ರೋಲ್ ಬಂಕಿನಲ್ಲಿ ಬೈಕಿಗೆ ಗಾಳಿ ಹಾಕಿಸಲು ನಿಂತಿದ್ದೆ. ಸರದಿಯಲ್ಲಿ ನನ್ನ ಮುಂದೆ ಒಂದು ವ್ಯಾನು. ಒಳಗೆ ಮಂಚ, ಒಲೆ, ಕಕ್ಕಸು, ಮೇಲೆ ಸೋಲಾರ್. ಬಾಗಿಲ ಬಳಿ ಇಬ್ಬರು ಗೆಳೆಯರು ಮೆಲ್ಲಗೆ ಜಗಳವಾಡುತ್ತಿದ್ದರು.

"ಕಕ್ಕಸಿನ ಟ್ಯಾಂಕ್ ಎಲ್ಲಿ ಖಾಲಿ ಮಾಡಿದ್ದು ಕಾರ್ಲ್ಟನ್?"

"ಕಾಪುವಿನಲ್ಲೇ. ನಿನ್ನೆ ರಾತ್ರಿ ವ್ಯಾನ್ ನಿಲ್ಲಿಸಿದ್ದೆವಲ್ಲ, ಆ ಅಪ್ಪಿಯಕ್ಕನ ಮನೆ ಹಿಂದೆ ಗುಂಡಿ ತೋಡಿ, ಸುರಿದು ಮುಚ್ಚಿದೆ."

"ಅಲ್ಲಿ ಬಾವಿ ಉಂಟಲ್ಲ!"

"ಬಾವಿಗೆ ಹತ್ತು ಹೆಜ್ಜೆ ದೂರ ಉಂಟು ಮಾರಾಯ."

"ಸಮುದ್ರದ ಹೊಯಿಗೆಯಲ್ಲಿ, ಬರೀ ಮರಳಿನಲ್ಲಿ, ಹತ್ತು ಹೆಜ್ಜೆ ಎಂತ ದೂರ? ಎಲ್ಲ ಸೋಸಿ ಬಾವಿಗೇ ಇಳಿಯುತ್ತದೆ."

"ಕತ್ತಲೆಯಲ್ಲಿ ಗೊತ್ತಾಗಲಿಲ್ಲ. ಬೆಳಿಗ್ಗೆ ನೋಡಿದೆ. ಹೇಳಲು ಬಾಯಿ ಬರಲಿಲ್ಲ."

"ನಮಗೆ ಯಾರೂ ಬೇಡ, ಎಲ್ಲ ವ್ಯಾನಿನಲ್ಲೇ ಉಂಟು ಅಂತ ವಿಡಿಯೋದಲ್ಲಿ ಕೊಚ್ಚಿಕೊಂಡೆಯಲ್ಲ. ನಮ್ಮ ನೀರು ಮುಗಿದಾಗ ನಾಲ್ಕು ಕೊಡ ಸೇದಿ ಕೊಟ್ಟದ್ದು ಯಾರು?"

"ಸಾಕು ಅಕ್ಷಿತ್. ಬೆಳಿಗ್ಗೆಯಿಂದ ನನಗೆ ಅನ್ನ ಇಳಿಯುತ್ತಿಲ್ಲ. ಆ ಮನೆಯಲ್ಲಿ ಸಣ್ಣ ಮಗು ಬೇರೆ ಉಂಟು."

"ಫೋನ್ ಮಾಡಿ ನೀರು ಮುಟ್ಟಬೇಡಿ ಅಂತ ಹೇಳು."

"ನಂಬರ್ ಕೇಳಿಕೊಳ್ಳಲೇ ಇಲ್ಲ."

"ಹಾಗಾದರೆ ಈಗ ಹೆಬ್ರಿಗೆ ಹೋಗುವುದು ಬೇಡ. ಹಿಂದೆ ಹೋಗುವ."

"ಅವರ ಮುಖ ನೋಡಿ ಎಂತ ಹೇಳುವುದು?"

"ಮಾಡಿದ್ದನ್ನು ಹೇಳು. ಗುಂಡಿ ನಾವೇ ತೆಗೆಯುವ, ಬಾವಿ ನಾವೇ ಖಾಲಿ ಮಾಡುವ. ಅಲ್ಲಿವರೆಗೆ ಅವರಿಗೆ ನೀರು ನೀನು ಹೊರು."

ಕಾರ್ಲ್ಟನ್ ವ್ಯಾನಿನ ಬಾಗಿಲು ಎಳೆದು ಮುಚ್ಚಿದ. ಅವನ ಕಾಲರ್ ಹಿಡಿಯುವಷ್ಟು ಸಿಟ್ಟು ನನಗೆ. ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅವನೇ ತಿರುಗಿ, ನನ್ನ ಮುಖ ನೋಡದೆ ಹೇಳಿದ:

"ಅಣ್ಣ, ಬೈಕ್ ಸ್ವಲ್ಪ ಹಿಂದೆ ತೆಗೆಯುತ್ತೀರಾ? ನಮಗೆ ಅರ್ಜೆಂಟ್ ಕಾಪುವಿಗೆ ಹೋಗಲಿಕ್ಕೆ ಉಂಟು."

ನಾನು ಬೈಕು ಹಿಂದಕ್ಕೆ ತಳ್ಳಿದೆ. ಗಾಳಿ ಹಾಕಿಸದೆಯೇ ಅವರು ಹೊರಟುಹೋದರು.