ಶೇವಂತಾನ ಡಬ್ಬಿ, ಲಗಮಣ್ಣನ ಬಾಣ

ಇಲ್ಲ! ನಾಕನೇ ಬಾಣ ಇಲ್ಲ ಅಂದ್ರ ಇಲ್ಲ! ಆ ಮದ್ದಿನ ಕೊಳವಿ ಕೆಳಗಿಡು ಮೊದಲ. ಮುಂಜಾನಿಂದ ಮೂರ ಹಾರಸೀನಿ. ಮೂರೂ ಸಲ ಬಾಣಕ್ಕ ಕಟ್ಟಿದ ನಿನ್ನ ಡಬ್ಬಿ ಏನ ಬರದೈತಿ? ಏನೂ ಇಲ್ಲ! ಕರೀ ಕಾಗದ ಹೋಗಿ ಕರೀ ಕಾಗದನ ಬಂದೈತಿ. ಒಂದ ಗೆರಿ… ಒಂದ ಸಣ್ಣ ಗೆರಿ ಎಳಿಯಾಕ ಬರೂದಿಲ್ಲ ಅದಕ್ಕ, ನನ್ನ ಬಾಣದ ಎತ್ತರ ಅಳಿತೈತಂತ!

ಯಾಕ ನಗಾಕತ್ತಿ? ಬಾಯಿಗಿ ಸೆರಗ ಹಿಡಕೊಂಡ್ರ ನನಗ ಕಾಣೂದಿಲ್ಲೇನ, ಶೇವಂತಾ? … ನಗಲಿಲ್ಲ? ಹಂಗಾದ್ರ ಬ್ಯಾರೆ ಮಾತು. ಮಾವನ ಮುಂದ ಬಾಯಿ ತಗೀಬಾರದು ಅಂತ ನಿಮ್ಮತ್ತಿ ಶಿವಗಂಗವ್ವ ಕಲಿಸ್ಯಾಳ, ಕಲತೀ. ಈ ಮನಿಗಿ ಬಂದ ಆರ ವರ್ಷ ಆತು, ನನ್ನೆದುರಿಗಿ ಒಂದ ಮಾತ ಆಡಿಲ್ಲ ನೀ. ಛಲೋ ಆತು. ಆದ್ರ ಆ ಕಣ್ಣಿಗಿ ಯಾರೂ ಏನೂ ಕಲಿಸಿಲ್ಲ ನೋಡು!

ಹಾರೂಗೇರಿಯಾಗ ಯಾರನ್ನರ ನಿಂದ್ರಿಸಿ ಕೇಳು, ಲಗಮಣ್ಣನ ಬಾಣ ಎಷ್ಟ ಮ್ಯಾಲ ಹೊಕ್ಕೈತಿ ಅಂತ. ಸಾವಿರ ಫೂಟ! ಕೂಸ ಸುದ್ಧಾ ಹೇಳತೈತಿ. ಅಥಣಿಯಾಗ ಲಗ್ನ ಇರಲಿ, ಕಾಗವಾಡದಾಗ ಇರಲಿ, ವರಾತದ ಮೆರವಣಿಗಿ ಹೊಂಟೂ ಮುಂದ ಆಕಾಶಕ್ಕ ಬಾಣ ಬಿಡಬೇಕಂದ್ರ ಲಗಮಣ್ಣನ್ನ ಕರೀರಿ ಅಂತಾರ. ಇಷ್ಟ ವರ್ಷ ಯಾರರ ಅಳದ ನೋಡ್ಯಾರೇನ? ನೀ ನಿಪ್ಪಾಣಿಯಾಗ ಬಿಎಸ್ಸಿ ಕಲತ ಬಂದಿ, ಹೈಸ್ಕೂಲಿಗಿ ಟೀಚರ ಆದಿ, ನಿನಗ ಅಳಿಯೂ ಹುಚ್ಚ ಹಿಡೀತು. ಸೋಮವಾರ ಚಿಕ್ಕೋಡಿಯಾಗ ವಿಜ್ಞಾನ ಪ್ರದರ್ಶನ ಐತಿ, ಅಲ್ಲಿ ಗೆದ್ರ ನೌಕರಿ ಕಾಯಂ ಮಾಡಾಕ ಹೆಡ್‌ಮಾಸ್ತರ್ರು ಬರದ ಕಳಸ್ತಾರ, ಮಾವಗ ಹೇಳು ಅಂತ ನನ್ನ ಮಗ ಮಾಳಸಿದ್ದನ ಕಡಿಂದ ಹೇಳಿಸಿದಿ. ನಾ ಏನ ಒಲ್ಲೆ ಅಂದ್ನ್ಯಾ? ಬಸ್‌ಸ್ಟ್ಯಾಂಡಿನ ಚಾದಂಗಡಿ ಮುಂದ, ಹತ್ತ ಮಂದಿ ಎದುರಿಗಿ, ಎದಿ ಬಡಕೊಂಡ ಅಂದ್ನಿ… ನನ್ನ ಸೊಸಿ ಡಬ್ಬಿ ಕಟ್ಟಲಿ, ಸಾವಿರಕ್ಕ ಒಂದ ಫೂಟ ಕಡಿಮಿ ಬಂದ್ರ ಮೀಸಿ ಬೋಳಸ್ತೀನಿ ಅಂದ್ನಿ! ಈಗ ಆ ಮಂದಿಗಿ ಏನ ಹೇಳ್ಲಿ? ಡಬ್ಬಿ ಕೆಟ್ಟೈತಿ ಅಂತ ಹೇಳಬೇಕು. ಅಷ್ಟ.

ಏನ ಬಿಚ್ಚಾಕತ್ತಿ? ಬಿಚ್ಚು, ಬಿಚ್ಚು! ನಾನ ಹೇಳ್ತೀನಿ ತಪ್ಪ ಎಲ್ಲೈತಿ ಅಂತ. ಮ್ಯಾಲ ಹೋದಂಗ ಗಾಳಿ ತೆಳ್ಳಗ ಆಗತೈತಿ, ಆ ತಗಡಿನ ದುಂಡನ ಬಿಲ್ಲಿ ಉಬ್ಬತೈತಿ, ಉಬ್ಬಿದ್ರ ಮುಳ್ಳ ಎದ್ದ ಮಸಿ ಕಾಗದ ಗೀಚತೈತಿ… ಹಿಂಗಂತಲ್ಲ ಮಾಳಸಿದ್ದ ತಿಳಿಸಿ ಹೇಳಿದ್ದು? ಹಂಗಾದ್ರ ಆ ಬಿಲ್ಲಿ ಸೀಳೈತಿ. ಹಳೀ ಬಜಾರದಾಗ ತಂದ ಮಾಲ ಅದು, ಇನ್ನೇನಾದೀತು!

ಏ… ಏ, ಅದಕ್ಯಾಕ ಬಾಯಿ ಹಚ್ಚಿದಿ? ಉಸರ ಎಳ್ಯಾಕತ್ತಿ? … ಹಾಂ. ಮುಳ್ಳ ಎದ್ದತು. ಮತ್ತೊಮ್ಮಿ ಎಳಿ… ಮತ್ತೂ ಎದ್ದತು. ಆತು ಬಿಡು, ಸೀಳಿಲ್ಲ.

ತೂತ! ಗಾಳಿ ಆಡೂ ತೂತ ಮುಚ್ಚಿರಬೇಕು! ಮದ್ದಿನ ಹೊಗಿ ಅಂದ್ರ ಏನಂತ ತಿಳದಿ? ಕಿಟ್ಟ ಕಟ್ಟಿ ಬಿಡತೈತಿ. … ಸೂಜಿ ಹಾಕಿ ತೋರಸ್ತಿ. ಆರಪಾರ ಹೋತು. ಹೂಂ… ಹಂಗಾದ್ರ ಗಡಿಯಾರ! ಆ ಕಾಗದ ಸುತ್ತಿದ ಗಾಲಿ ತಿರಗಸೂ ಗಡಿಯಾರ ಧಕ್ಕಿಗಿ ನಿಂತಿರಬೇಕು. … ಕಿವಿಗಿ ಯಾಕ ತರ್ತಿ ಅದನ್ನ, ನಾ ಏನ ಕಿವುಡ ಅದೀನಿ? ಕೇಳಾಕತ್ತೈತಿ, ಟಿಕ್‌ ಟಿಕ್‌ ಅನ್ನಾಕತ್ತೈತಿ! ನಡದೈತಿ! ಎಲ್ಲಾ ನಡದೈತಿ! ಡಬ್ಬಿಯಾಗಿಂದ ಎಲ್ಲಾ ನಡದೈತಿ, ಗೆರಿ ಅಷ್ಟ ಮೂಡೂದಿಲ್ಲ!

ಅಂದ್ರ ಇದ ನಿನ್ನ ಗಂಡಂದ ಕೆಲಸ. ಹೌದ, ಮಾಳಸಿದ್ದಂದು! ಡಬ್ಬಿ ಬಾಣಕ್ಕ ಕಟ್ಟಿದಾವ ಯಾರು? ಅಂವ. ಬಾಣದ ಹತ್ರ ನಿಂದ್ರೂದಿಲ್ಲ ಅಂವ. ನೋಡಿದೆಲ್ಲ ಮುಂಜಾನಿ? ಹಗ್ಗ ಬಿಗದಾಂವನ ಓಡಿ ಹೋಗಿ ಬಾವಿ ಕಟ್ಟಿ ಹಿಂದ ಕುಂತ. ಹೇಡಿ! ನಾಕ ವರ್ಷದ ಹಿಂದ ಕೊಳವ್ಯಾಗ ಮದ್ದ ಬಡದ ಗಟ್ಟಸೂ ಮುಂದ ಸಿಡದ ಮೂರ ಬೆರಳ ಹೋದ್ವಂತ, ಬಿಟ್ಟಬಿಟ್ಟ! ನಮ್ಮಪ್ಪಂದ ಒಂದ ಕಣ್ಣ ಹೋಗಿತ್ತು, ಬಿಟ್ಟನ ಅಂವ? ಇಂವ ಬಸ್‌ಸ್ಟ್ಯಾಂಡಿನ್ಯಾಗ ಸೈಕಲ್ ಅಂಗಡಿ ಇಟಗೊಂಡ ಕುಂತಾನ, ಆ ಕೈಯಾಗ ಉಳದ ಎರಡ ಬೆರಳಿಲೆ ಪಂಕ್ಚರ್ ತಗ್ಯಾಕತ್ತಾನ. ಹೇಡಿ ಅಂತನ ಅಂತೀನಿ. ಊಟಕ್ಕ ಕುಂತಾಗ ಅಂತೀನಿ, ಅವನ ಅಂಗಡಿ ಮುಂದ ನಿಂತೂ ಅಂದೀನಿ. ಅಂವ ತಲಿ ಕೆಳಗ ಹಾಕ್ಕೊಂಡ ಕೇಳ್ತಾನ. ನೀ… ನೀ ಯಾಕ ತಲಿ ಎತ್ತಿ ನೋಡಾಕತ್ತಿ?

ಆ ಮೂರ ಕಾಗದ ಯಾಕ ಹಾಸಿದಿ? ಖಾಲಿ ಅದಾವಲ್ಲ! ಎಷ್ಟ ಸಲ ನೋಡ್ತಿ? … ಹೌದು, ನಾನ ತಂದೀನಿ. ಡಬ್ಬಿಗಿ ಕಟ್ಟಿದ ಛತ್ರಿ ಬಿಚ್ಚಿ ಮೂರೂ ಸಲ ಅದು ಹೋಗಿ ಕಬ್ಬಿನ್ಯಾಗ ಬಿತ್ತು. ಒಣಗಿದ ಎಲಿ ರವದಿಯಾಗ ಹಾವ ಇರತಾವು, ಹೆಣಮಗಳ ಯಾಕ ಕಾಲ ಹಾಕಬೇಕಂತ ನಾ ಒಳಗ ಹೋಗಿ ತಂದ್ನಿ. ಇದೂ ತಪ್ಪಾತೇನ? ತಡಾ ಆತು ಅಂತೀಯೇನ? ಕಬ್ಬ ಅಂದ್ರ ನಿಮ್ಮ ಶಾಲಿ ಅಂಗಳಲ್ಲ, ಹುಡಕಾಕ ಹೊತ್ತ ಹಿಡೀತೈತಿ!

ಮೂಸಿ ಯಾಕ ನೋಡಾಕತ್ತಿ? ಕಾಗದ ಯಾರರ ಮೂಸತಾರೇನ? … ಕರ್ಪೂರದ ವಾಸನಿ ಬಂದ್ರ ಬರಲಿ! ಬಾಣಕ್ಕ ಬೆಂಕಿ ಕೊಡೂ ಮುಂದ ನಾ ಕರ್ಪೂರ ಬೆಳಗತೀನಿ, ನಮ್ಮಪ್ಪನೂ ಬೆಳಗತಿದ್ದ. ಅಂಗೀ ಕಿಸೆದಾಗ ಯಾವತ್ತೂ ಇರತೈತಿ. ಕೈಗಿ ಹತ್ತಿದ್ದ ಕಾಗದಕ್ಕ ಹತ್ತೈತಿ, ಅದರಾಗ ಏನ…

ಏನು? ನೀ ಕರ್ಪೂರ ಅಂದಿಲ್ಲ?

ಹೌದು. ನೀ ಏನೂ ಅಂದಿಲ್ಲ.

ಆ ಇನ್ನೊಂದ ಕಾಗದ ಯಾಕ ಬಾಜೂಕ ಇಟ್ಟಿ? ಅದ ನೀ ರಾತ್ರಿ ಚಿಮಣಿ ದೀಪದ ಮ್ಯಾಲ ಹಿಡದ ಮಸಿ ಮಾಡಿದ್ದು, ಉಪಯೋಗ ಆಗಿಲ್ಲ. ಅದು ಸ್ವಲ್ಪ ಕಂದ ಬಣ್ಣ ಐತಿ, ಇವು ಮೂರೂ ಕಾಡಿಗಿ ಹಂಗ ಕರ್ರಗ ಅದಾವ… ಅದಾವ, ಮುಂದ? ಬಿಸಲಿಗಿ ಬಣ್ಣ ತಿರುಗಿರಬೇಕು. ಯಾರಿಗ್ಗೊತ್ತ!

ಏ! ಒರಸಬ್ಯಾಡ! ಶೇವಂತಾ, ಬೆರಳ ಹಚ್ಚಬ್ಯಾಡ ಅಂದ್ನಿ! ನನ್ನ ಮಾತಿಗಿ ಕಿಮ್ಮತ್ತ ಐತೋ ಇಲ್ಲೋ ಈ ಮನಿಯಾಗ! ಒರಸಬ್ಯಾಡ…

…

ಗೆರಿ ಮೂಡತು.

ಕ್ಯಾಲೆಂಡರಿನ ನುಣುಪ ಕಾಗದ ಅದು. ಮುಳ್ಳ ಮಸಿ ಅಷ್ಟ ಅಲ್ಲ, ಆ ನುಣುಪನೂ ಕೊರದಿತ್ತೇನ? ನನಗ ಗೊತ್ತಿರಲಿಲ್ಲ, ಯವ್ವಾ. ಮ್ಯಾಲ ಮತ್ತೊಮ್ಮಿ ಮಸಿ ಹಿಡದ್ರ ಗೆರಿ ಮುಚ್ಚಿ ಹೊಕ್ಕೈತಿ ಅಂದ್ಕೊಂಡಿದ್ನಿ. ಕಬ್ಬಿನ್ಯಾಗ ಕುಂತು, ಕರ್ಪೂರ ಹಚ್ಚಿ… ರವದಿಗಿ ಎಲ್ಲಿ ಬೆಂಕಿ ಹತ್ತೀತೋ ಅಂತ ಅಂಗೈ ಅಡ್ಡ ಹಿಡದು… ನೋಡು, ಬೊಬ್ಬಿ ಎದ್ದೈತಿ.

ಆ ಪಟ್ಟಿ ತಗೀಬ್ಯಾಡ. ನೀ ನೀರಿನ ಟಾಕಿ ಏರಿ ಏರಿ ಇಳದು, ಎಷ್ಟ ಫೂಟಿಗಿ ಮುಳ್ಳ ಎಷ್ಟ ಏಳತೈತಿ ಅಂತ ಗುರ್ತ ಹಾಕಿದ ಪಟ್ಟಿ ನನಗ ಗೊತ್ತೈತಿ. … ತಗೀತಿ? ಇಡು ಹಂಗಾದ್ರ, ಇಡು ಗೆರಿ ಮ್ಯಾಲ! ಎಷ್ಟೈತಿ? ನಾನ ಹೇಳ್ತೀನಿ. ನೂರಾ ಎಂಬತ್ತ ಫೂಟ. ಮೂರೂ ಸಲ ಅಷ್ಟ. ನಿನ್ನ ಪಟ್ಟಿ ಗುರ್ತ ನೆನಪಿಟ್ಟ, ನಾ ಕಬ್ಬಿನ್ಯಾಗನ ಬೆರಳಿಟ್ಟ ನೋಡೀನಿ.

ಯಾಕ ಅಂತ ಕೇಳೂದಿಲ್ಲೇನ? ಬಾಯಿ ಬಿಟ್ಟ ಕೇಳ! ಹಂಗ ನೋಡಕೋಂತ ಕುಂದರಬ್ಯಾಡ… ಮದ್ದ ಕಡಿಮಿ ಹಾಕ್ತೀನಿ, ಯಾಕಂದ್ರ! ಅರ್ಧಾನೂ ಅಲ್ಲ. ಮ್ಯಾಲ ಒಣಾ ಮಣ್ಣ ತುಂಬಿ ಗಟ್ಟಸ್ತೀನಿ. ನಾಕ ವರ್ಷ ಆತು. ಕತ್ತಲಾಗ ಬೆಂಕಿ ಕಂಡ್ರ ಮಂದಿ ಹೋ ಅಂತಾರ, ಯಾರ ಅಳೀತಾರ? ಬೆರಳ ಹೋದ ದಿನ ಮಾಳಸಿದ್ದನ ಕೈ ಕೊಳವಿ ಮ್ಯಾಲಿತ್ತು, ನಾ ಎದುರಿಗಿ ಕುಂತ ಗಟ್ಟಸು, ಇನ್ನಷ್ಟ ಗಟ್ಟಸು ಅಂತಿದ್ನಿ. ನಾನ ಅಂತಿದ್ನಿ! ಆಮ್ಯಾಲ ಮದ್ದಿನ ಮುಂದ ಕುಂತ್ರ ಇನ್ನೊಂದ ಹಿಡಿ ಮದ್ದ ಹಾಕಾಕ ಆಗೂದಿಲ್ಲ. ಅಂಜಿಕಿ ಬರತೈತಿ! ಕೇಳಿದೇನ? ಲಗಮಣ್ಣಗ ಅಂಜಿಕಿ ಬರತೈತಿ! ಮಾಳಸಿದ್ದ ಅಂಜಿದ, ಅಂಜೀನಿ ಅಂತ ಹೇಳಿ ಎದ್ದ ಹೋದ. ನಾ ಮಣ್ಣ ತುಂಬಿ ಕುಂತ್ನಿ. ಅದರ ಮ್ಯಾಲ ಅವಗ ಹೇಡಿ ಅಂದ್ನಿ.

ಎಲ್ಲಿ ಹೊಂಟಿ? ಶೇವಂತಾ… ಗಂಡನ ಅಂಗಡಿಗಿ? ಅವಗ ಹೇಳಾಕ? ನಿಂದ್ರು! ನಿಂದ್ರು ಅಂದ್ನಿ! … ಸಿಟ್ಟಲ್ಲವ್ವಾ. ನೀ ಹೋಗೂದ ಬ್ಯಾಡ. ಹೇಡಿ ಅಂದಾವ ನಾನು, ನೀ ಯಾಕ ಹೋಗಬೇಕು? ಈ ಹೊತ್ತಿಗಿ ಚಾದಂಗಡಿ ಮುಂದ ಎಲ್ಲಾರೂ ಇರತಾರ. ಇರಲಿ. ನನ್ನ ಚಪ್ಲಿ ಎಲ್ಲೆ ಬಿಟ್ಟೀನಿ ನೋಡು… ಹಾಂ, ಇಲ್ಲೆ ಅದಾವ. ಎರಡ ಕಾಗದ ನೀ ಇಟಗೋ, ಒರಸಿ ಸ್ವಚ್ಛ ಮಾಡು, ಸೋಮವಾರ ಒಯ್ಯಿ. ನೂರಾ ಎಂಬತ್ತ ಅಂತನ ಬರಿ. ಕೆಳಗ ನನ್ನ ಹೆಸರ ಬರಿ.

ಈ ಮೂರನೇ ಕಾಗದ ಯಾಕ ನನ್ನ ಕೈಯಾಗ ಕೊಡಾಕತ್ತಿ? ನಾ ಬಾಯಿಲೆ ಹೇಳ್ತೀನಂದೆಲ್ಲ…

ಹೂಂ. ಕೊಡು. ಬರೇ ಬಾಯಿಲೆ ಹೇಳಿದ್ರ ಅಂವ ನಂಬೂದಿಲ್ಲ.