ಸೋಲಾರ್‌ಗೆ ಅಡ್ಡ ಬಂದ ಬೇವು

ಯಲಬುರ್ಗಾದಿಂದ ಕೊಪ್ಪಳಕ್ಕೆ ಹೊರಟ ಬಸ್ಸಿನಲ್ಲಿ ಶಿವಲೀಲಾಗೆ ಮುಂದಿನ ಸೀಟಿನ ಅಕ್ಕಪಕ್ಕದ ಮನೆಗಳ ಇಬ್ಬರು ಹೆಂಗಸರ ಮಾತು ಕೇಳಿಸಿತು.

“ನಿನ್ನ ಗಂಡಗ ಎಚ್ಚರ ಬಂತೇನ, ಹಂಪವ್ವ?”

“ಬಂದೈತಿ. ಕೊಡ್ಲಿ ಹೆಗಲಿಗೆ ಬಿದ್ದೈತಿ. ಇನ್ನೊಂಚೂರು ಮ್ಯಾಲ ಬಿದ್ದಿದ್ರ ಕುತ್ತಿಗಿನ ಹೋಗ್ತಿತ್ತು. ನಿನ್ನ ಗಂಡ ಮನಷ್ಯಾ ಅಲ್ಲ, ರೇಣುಕಾ, ಕಟುಕ.”

“ನಿನ್ನ ಗಂಡ ಭಾಳ ಸಾಧು ನೋಡು! ಸೋಲಾರ್ ಪ್ಲೇಟಿಗೆ ನೆರಳು ಬೀಳ್ತೈತಂತ ನಮ್ಮ ಬೇವಿನ ಗಿಡ ಬುಡಮಟ ಕಡದ. ನನ್ನ ಗಂಡ ಸಿಟ್ಟಿಗೆದ್ದು ಅದ ಕೊಡ್ಲಿ ಕಸ್ಕೊಂಡು ಹೊಡದ. ನಮ್ಮತ್ತಿ ಬ್ಯಾಸಗಿ ಪೂರಾ ಆ ಗಿಡದ ಕೆಳಗ ಹೊರಸು ಹಾಕ್ಕೊಂಡು ಜೀವ ಹಿಡ್ಕೊಂಡಿದ್ಲು.”

“ಟೊಂಗಿ ಅಷ್ಟ ಸವರು ಅಂದಿದ್ದೆ. ಕೂಲರ್ ತಿರುಗವಲ್ದು, ಸೆಕಿಗೆ ಕೂಸಿನ ಮೈಯೆಲ್ಲ ಬೊಕ್ಕಿ ಎದ್ದಿದ್ವು.”

ರೇಣುಕಾ ಹಂಪವ್ವನ ಕೈ ಹಿಡಿದುಕೊಂಡಳು.

“ಗಿಡದಿಂದ ಬಿದ್ದು ಗಾಯ ಆತಂತ ಪೊಲೀಸ್ರಿಗೆ ಹೇಳವ್ವಾ. ನಿನ್ನ ಕಾಲಿಗೆ ಬೀಳ್ತೀನಿ.”

“ಇಲ್ಲ. ಖರೇನ ಹೇಳ್ತೀನಿ.”

“ನನ್ನ ಮ್ಯಾಲ ಅಷ್ಟು ಸಿಟ್ಟೇನ?”

“ನಿನ್ನ ಮ್ಯಾಲ ಯಾಕ ಸಿಟ್ಟು? ನನ್ನ ಗಂಡ ಕಣ್ಣು ಬಿಟ್ಟಾಂವನ ಕೊಡ್ಲಿ ಎಲ್ಲಿ ಅಂತ ಕೇಳ್ಯಾನ. ನಿನ್ನ ಗಂಡ ಹೊರಗಿದ್ರ ಸಾಯ್ತಾನ. ಜೇಲಿನ್ಯಾಗ ಇದ್ರ ಉಳೀತಾನ.”

ಕೊಪ್ಪಳದಲ್ಲಿ ಬಸ್ ನಿಂತಿತು. ಹಂಪವ್ವ ಬುತ್ತಿಯ ಗಂಟು ಹಿಡಿದು ಆಸ್ಪತ್ರೆಯ ಕಡೆಗೆ ನಡೆದಳು. ರೇಣುಕಾ ಗಂಡನನ್ನು ಇಟ್ಟಿದ್ದ ಪೊಲೀಸ್ ಠಾಣೆಗೆ ಆಟೋ ಹತ್ತಿದಳು.