ಬಿದ್ದ ಲೋಟ ಎತ್ತದವರು

ಇಲ್ಲ ಅಂದ್ನಲ್ಲ ಮೇಷ್ಟ್ರೇ! ಇಲ್ಲ ಅಂದ್ರೆ ಇಲ್ಲ. ನಮ್ಮ ಕದಿರ ಮನೆಯಾಗಿಲ್ಲ, ಊರಾಗೂ ಇಲ್ಲ. ಬಂಗಾರಪೇಟೆ ಆಚೆ ಅವರ ಅತ್ತೆ ಮನೆಗೆ ಓಗವ್ನೆ... ಯಾಕಂಗೆ ನೋಡ್ತೀರಿ? ಬೂಟ್ ಬಾಗ್ಲಾಗೇ ಬಿಟ್ಬುಟ್ಟು ನಿಂತೇ ಇದ್ದೀರಲ್ಲ, ಬನ್ನಿ, ಕೂತ್ಕಳಿ. ಚಾಪೆ ಮ್ಯಾಲೆ ಬ್ಯಾಡ, ಸ್ಟೂಲ್ ಐತೆ. ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರು ಈ ಕೋದಂಡಪ್ಪನ ಲೈನ್ ಮನೆಗೆ ಬಂದವ್ರೆ ಅಂದ್ರೆ ಸಾಮಾನ್ಯನಾ! ಏಯ್ ಮುನಿನಾರಾಯಣಮ್ಮಾ, ಟೀ ಕಾಯ್ಸೆ! ಮಗನ ಮೇಷ್ಟ್ರು ಬಂದವ್ರೆ!

ಓದಾ? ಓದು ಬ್ಯಾಡ ಅಂತ ಅವನೇ ಅಂದ. ನಾನಂದಿಲ್ಲ. ದ್ಯಾವ್ರಾಣೆ ನಾನಂದಿಲ್ಲ. ಕೊನೇ ವರ್ಷ ಅಂತ ನನಗೂ ಗೊತ್ತು, ನಾನೇನು ಅಷ್ಟು ದಡ್ಡನಾ?

ನೀವೇ ಅಲ್ವಾ ಆ ಒಸಾ ಪಾಠ ಮಾಡೋರು? ಲೆಕ್ಕ ಮಾಡೋ ಮಿಷನ್ನಿನ ಪಾಠ... ಆಂ, ಅದೇ, ಕಂಪ್ಯೂಟರು. ದಸರಾ ರಜಕ್ಕೆ ಬಂದಾಗ ಮೂರೊತ್ತೂ ಅವನ ಬಾಯಾಗೆ ಅದೇ. ನಾನು ಕೇಳ್ದೆ, ಅಲ್ಲ ಕಣ್ಲಾ, ಲೆಕ್ಕ ಎಲ್ಲ ಮಿಷನ್ನೇ ಮಾಡೋದಾದ್ರೆ ನೀನ್ಯಾಕ್ಲಾ ಓದ್ಬೇಕು? ಅದನ್ನೇ ಕಾಲೇಜಿಗೆ ಕಳ್ಸು! ...ನಗ್ತೀರಾ? ನಗಿ, ನಗಿ. ಅವನೂ ನಕ್ಕ. ನಕ್ಬುಟ್ಟು ಅಂದ, ಅಪ್ಪಾ, ಮಿಷನ್ಗೆ ಬುದ್ದಿ ಇಲ್ಲ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡ್ತದೆ. ಏನು ಕೇಳ್ಬೇಕು, ಯಾರಿಗೋಸ್ಕರ ಕೇಳ್ಬೇಕು, ಅದು ಮನುಷ್ಯನ ಕೆಲ್ಸ, ಅದಕ್ಕೇ ನಮ್ಮ ಓದು, ಅಂತ. ನೀವು ಯೇಳ್ಕೊಟ್ಟಿದ್ದೇ ಅಲ್ವಾ? ತಲೆ ಆಡಿಸ್ತೀರಲ್ಲ! ಆ ಮಾತೇ ಮೇಷ್ಟ್ರೇ ನನ್ನ ಮಗನ ತಲೆ ಕೆಡ್ಸಿದ್ದು. ಯಾರಿಗೋಸ್ಕರ...

ಇಲ್ಲಿ ಕೆಳಗೆ ಚಿನ್ನದ ಗಣಿಯಾಗೆ ಕಲ್ಲು ಸಿಡೀತದೆ, ಮ್ಯಾಲೆ ಮನೆ ನಡುಗ್ತದೆ. ನಾನು ಉಟ್ಟಿದಾಗಿಂದ್ಲೂ ಅಷ್ಟೇ. ಇವನಿಗೆ ಅದೇ ಉಚ್ಚು! ಮನೆ ನಡುಗಿದಾಗೆಲ್ಲ ಗಡಿಯಾರ ನೋಡೋದು, ಲೈನ್ ಲೈನಿಗೂ ಓಗಿ ನಿಮ್ಮನೇಲಿ ಜೋರಾ, ಅವ್ರ ಮನೇಲಿ ಜೋರಾ ಅಂತ ವಿಚಾರ್ಸೋದು. ನಂದಿದುರ್ಗ ಗಣಿ ಕಡೆ ಲೈನಿನ ಎಂಗುಸರೆಲ್ಲ ಇವನ್ನ ಕಂಡ್ರೆ ಮುಸಿಮುಸಿ ನಗೋರು. ಇದನ್ನೆಲ್ಲ ಮಿಷನ್ಗೆ ಆಕಿದ್ರೆ ಮುಂದೆ ಯಾವ ಕಡೆ ಸಿಡೀಬೋದು ಅಂತ ತಿಳೀತದಂತೆ. ಓದು ಮುಗ್ದ ಮ್ಯಾಲೆ ನಾನು ಮಾಡೋ ಕೆಲ್ಸ ಅದೇ ಅಪ್ಪಾ ಅಂದ... ಆಗ್ತದಾ ಮೇಷ್ಟ್ರೇ? ನಿಜಕ್ಕೂ ಆಗ್ತದಾ? ...ಬ್ಯಾಡ. ಯೇಳ್ಬ್ಯಾಡಿ. ಈಗ್ಯಾಕೆ ಅದು.

ತಾಳಿ... ಕೆಮ್ಮು... ಏನಿಲ್ಲ, ಧೂಳು. ಒಳಗಿನ ಧೂಳು. ಎದೆ ಫೋಟೋ ತೆಗ್ದು, ಇನ್ನು ಗಣಿಗೆ ಇಳೀಬ್ಯಾಡ ಅಂದ್ಬುಟ್ರು ನನಗೆ ಡಾಕ್ಟ್ರು. ಈ ಲೈನ್ನಾಗೆ ಒಂದು ಪದ್ಧತಿ ಐತೆ. ಮನೆಯೋರು ಒಬ್ರು ಕೆಳಗೆ ಇಳೀತಾ ಇದ್ರೆ ಮನೆ ನಮ್ದು, ಇಲ್ದಿದ್ರೆ ಖಾಲಿ ಮಾಡು. ಎಲ್ಲಿಗೋಗಾದು? ಒಂದು ಗೇಣು ನೆಲ ಇಲ್ಲ ನಮಗೆ...

ಮನೆ ಎಂಗೆ ಉಳೀತಾ? ಅದೇ... ನಮ್ಮಣ್ಣನ ಮಗ, ಅಶ್ವತ್ಥ ಅಂತ. ಅವನು ಸೇರ್ಕಂಡ. ಈವತ್ತು ರಜಾ ಅವನಿಗೆ, ಆಂಡರ್ಸನ್‌ಪೇಟೆಗೆ ಓಗವ್ನೆ. ಆ ಗೂಟದ ಮ್ಯಾಲಿನ ಅಂಗಿನೂ ಅವಂದೇ. ಜೇಬ್ನಾಗಿರೋದಾ? ಅದು... ಅಳತೆಪಟ್ಟಿ. ಬಡಗಿ ಅಳತೆಪಟ್ಟಿ. ಸ್ಲೈಡ್ ರೂಲಾ? ಅಂಗಂದ್ರೇನು, ಲೆಕ್ಕ ಮಾಡೋ ಪಟ್ಟಿನಾ? ಮುಟ್ಬ್ಯಾಡಿ ಮೇಷ್ಟ್ರೇ... ನೀವೇ ಕೊಟ್ಟಿದ್ದಾ? ಸರಿ, ಮರ್ತು ಬಿಟ್ಟೋಗವ್ನೆ, ಉಡುಗ್ರು ಮರೀತವೆ!

ಕರ್ಕಂಡೋಗ್ತೀರಾ? ಈಗ್ಲೂ ಸೇರಿಸ್ಕತೀರಾ? ...ಅಯ್ಯೋ, ಇಂಥ ಮಾತು ಆಡ್ಬ್ಯಾಡಿ. ಅವನು ಬಂದ್ಬುಟ್ರೆ ಇಲ್ಲಿ ಯಾರು ಇಳೀ... ಯಾರು ನೋಡ್ಕಳ್ಳೋರು ನಮ್ಮನ್ನ ಅಂದೆ.

ಬೇರೆ ಮಾತಾಡಣ. ನಮ್ಮೂರಿನದೊಂದು ತಮಾಷೆ ಯೇಳ್ತೀನಿ. ನಡುಗಿದಾಗ ಯಾರ ಮನೆಯೋರು ಕೆಳಗವ್ರೆ ಅಂತ ಕೇಳೋದೇ ಬ್ಯಾಡ. ಗೂಡಿನಿಂದ ಲೋಟ ಬೀಳ್ತದಾ? ಕೆಳಗೆ ಯಾರೂ ಇಲ್ದೋರು ಬಗ್ಗಿ ಎತ್ತಿಡ್ತಾರೆ. ಇರೋರು ಬಿದ್ದಂಗೇ ಬಿಟ್ಟು ಶಾಫ್ಟ್ ಕಡೆ, ಗಣಿಗೆ ಇಳಿಯೋ ಬಾವಿ ಕಡೆ ಓಡ್ತಾರೆ. ನಮ್ಮಪ್ಪನಿಗೋಸ್ಕರ ನಮ್ಮವ್ವ ಓಡವ್ಳೆ, ನನಗೋಸ್ಕರ ಇವ್ಳು ಓಡವ್ಳೆ. ಈವತ್ತು ನಾವು ನೆಮ್ಮದಿಯಾಗಿ ಎತ್ತಿಡೋರು...

ಅಯ್ಯಯ್ಯೋ! ಗೋಡೆ ಇಡ್ಕಳಿ! ಇಡ್ಕಳಿ ಮೇಷ್ಟ್ರೇ!

...ಆಯ್ತು. ನಿಂತೋಯ್ತು. ಎದ್ರುಕೋಬ್ಯಾಡಿ, ದಿನಾ ಇದ್ದದ್ದೇ. ಈವತ್ತು ವಸಿ ಜೋರು. ಇಲ್ಲೇ ಪಕ್ಕದಾಗೇ... ಇಲ್ಲ, ಇಲ್ಲ, ದೂರದ್ದು. ಏಯ್ ಮುನಿನಾರಾಯಣಮ್ಮಾ! ಎಲ್ಲೋದ್ಳು ಇವ್ಳು? ಒಲೆ ಉರೀತೈತೆ, ಟೀ ಉಕ್ಕಿ ಬೀಳ್ತೈತೆ, ಇತ್ಲ ಬಾಗ್ಲು ತೆಗ್ದೈತೆ...

ಏನು ಮೇಷ್ಟ್ರೇ? ಏನು ನೋಡ್ತಾ ಇದ್ದೀರಿ ನೆಲಾನ... ಓ, ಲೋಟ. ಬಿತ್ತಲ್ಲ. ಎತ್ತಿಡ್ತೀನಿ. ನಮ್ಮೋರು ಯಾರೂ ಕೆಳಗಿಲ್ವಲ್ಲ, ಎತ್ತಿಡಕೇನು ಕಷ್ಟ... ನಾನ್ಯಾವಾಗ ಬಾಗ್ಲಿಗೆ ಬಂದೆ? ಕೂತಿದ್ನಲ್ಲ ಈಗ?

ನೀವೇ ಎತ್ತಿಡಿ ಮೇಷ್ಟ್ರೇ. ನಿಮ್ಮ ಕಾಲತ್ರಾನೇ ಐತೆ. ನಿಮಗ್ಯಾರವ್ರೆ ಕೆಳಗೆ? ಎತ್ತಿಡಿ... ಬಗ್ಗಿ ಒಂದು ಲೋಟ ಎತ್ತಿಡಕೇನು? ಎತ್ತಿಡಿ ಅಂದ್ನಲ್ಲ! ...ಏನಾರ ಅನ್ನಿ. ಬೈಯ್ರಿ ನನ್ನ. ಅಪ್ಪನಾ ನೀನು ಅಂತ ಕೇಳಿ. ಇಂಗೆ ಆ ಲೋಟಾನೇ ನೋಡ್ತಾ ನಿಂತ್ಕಬ್ಯಾಡಿ, ನನಗೆ ತಡ್ಕಳಕಾಗಲ್ಲ.

ಯಾಕೆ... ಬೂಟ್ ಯಾಕೆ ಆಕ್ಕತಾ ಇದ್ದೀರಿ?

ಲೋಟ ದಾಟ್ಕಂಡು ಬಂದ್ರಲ್ಲ ಮೇಷ್ಟ್ರೇ... ನೀವೂ ಎತ್ತಲಿಲ್ಲ... ನೀವೂ...

ಆ ಕಡೆ ಅಲ್ಲ, ಈ ಕಡೆ. ಶಾಫ್ಟ್ ಈ ಕಡೆ. ನನ್ನ ಕೈ ಇಡ್ಕಳಿ, ಬಿರ್ನೆ ನಡೀರಿ... ಕದಿರ ಬೆಳಗ್ಗೆ ಪಾಳಿಗೆ ಇಳ್ದವ್ನೆ.